ಸುರಂಗದಲ್ಲಿ ಕಟ್ಟಾದ ಒಟಿಪಿ

ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ. ನನ್ನ ಹತ್ತಿರ ಸಲಹೆ ಕೇಳಿ ಬಂದ ಗಂಡನನ್ನು ಇಲ್ಲಿ ಗಣೇಶ ಅಂತ ಕರೆಯೋಣ. 43 ವರ್ಷ, ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವರು. ಮನೆಯ ಮುಂದಿನ ಕೋಣೆಯೇ ಆಫೀಸು. ಸುತ್ತಲಿನ 38 ಅಂಗಡಿಗಳ ಲೆಕ್ಕ ನೋಡಿ ಜಿಎಸ್‌ಟಿ ರಿಟರ್ನ್ ಹಾಕಿಕೊಡುವುದು ಕೆಲಸ. ಹೆಂಡತಿ ಕನ್ನಡ ಶಾಲೆಯಲ್ಲಿ ಟೀಚರ್. ಇಬ್ಬರು ಮಕ್ಕಳು.

"ನನಗೆ ಶಿಸ್ತು ಅಂತ ಒಂದಿಲ್ಲ ಟೀಚರೇ" ಅಂತಲೇ ಮಾತು ಶುರು ಮಾಡಿದರು. (ನಾನು ಮೊದಲು ಶಾಲೆಯಲ್ಲಿದ್ದೆ. ಕಾಸರಗೋಡಿನಲ್ಲಿ ಒಮ್ಮೆ ಟೀಚರ್ ಆದರೆ ಆಯಿತು, ಮತ್ತೆ ಏನೇ ಮಾಡಿದರೂ ಟೀಚರೇ.) ಕೈಯಲ್ಲಿ ರಕ್ತಪರೀಕ್ಷೆಯ ಚೀಟಿ ಇತ್ತು. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ 6.1. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು ಅಂತ ಲೆಕ್ಕ. ಹಿಂದಿನ ವರ್ಷ ಪೇಟೆಯ ಜಿಮ್ಮಿಗೆ ವರ್ಷದ ಹಣ ಒಟ್ಟಿಗೆ ಕಟ್ಟಿ, ಮಾರ್ಚಿನಲ್ಲಿ ಬಿಟ್ಟಿದ್ದರು. ಏಪ್ರಿಲಿನಲ್ಲಿ ಸಂಸಾರದ ಜೊತೆ ಮುಂಬೈಗೆ ಹೋಗಿ, ಜಗಳ ಮಾಡಿಕೊಂಡು ಬಂದಿದ್ದರು.

ಆ ಜಗಳದ ಕತೆಯನ್ನೇ ನಾನು ಎರಡು ಸಲ ಕೇಳಿದೆ. ಏಪ್ರಿಲ್ ನಡುವಿನ ವಿಷು ಹಬ್ಬದ ಕಣಿ ಮನೆಯಲ್ಲೇ ಆಗಬೇಕು ಅಂತ ಹಿರಿಯರ ಹಟ. ಅದು ಮುಗಿಸಿ 19ನೇ ತಾರೀಕು ರಾತ್ರಿ ರೈಲು ಹತ್ತಿದರು. 20 ಅಂದರೆ ಜಿಎಸ್‌ಟಿಆರ್-3ಬಿಗೆ, ಅಂದರೆ ತಿಂಗಳ ತೆರಿಗೆ ಕಟ್ಟುವ ರಿಟರ್ನಿಗೆ ಕೊನೆ ದಿನ. ನಾಲ್ಕು ಅಂಗಡಿಯದ್ದು ಬಾಕಿ. ಬೆಳಿಗ್ಗೆ ಲ್ಯಾಪ್‌ಟಾಪ್ ತೊಡೆಯ ಮೇಲೆ. ಒಟಿಪಿ ಬರುವುದು ಅಂಗಡಿಯವರ ಫೋನಿಗೆ, ಅವರು ಓದಿ ಹೇಳಬೇಕು. "ನಾಲ್ಕು... ಏಳು... ಒಂದು..." ಅಷ್ಟರಲ್ಲಿ ರೈಲು ಸುರಂಗದೊಳಗೆ. ರತ್ನಾಗಿರಿ ಹತ್ತಿರದ ಕರಬುಡೆ ಸುರಂಗ ಒಂದೇ ಆರೂವರೆ ಕಿಲೋಮೀಟರ್ ಇದೆ. ಬೆಳಕಿಗೆ ಬಂದು ಮತ್ತೆ ಫೋನ್ ಹಚ್ಚಿದರೆ ಇನ್ನೊಂದು ಸುರಂಗ. ಮಗಳು "ಅಪ್ಪಾ, ಎಷ್ಟು ಕತ್ತಲೆ ನೋಡಿ" ಅಂದದ್ದಕ್ಕೆ ಇಡೀ ಬೋಗಿ ತಿರುಗಿ ನೋಡುವ ಹಾಗೆ ಗದರಿಸಿದರಂತೆ. ರಾತ್ರಿ ನೆಂಟರ ಮನೆಯಲ್ಲಿ ಕೂತರೆ ಜಿಎಸ್‌ಟಿ ಪೋರ್ಟಲ್ ತೆರೆಯದೆ ಸುತ್ತುತ್ತಲೇ ಇತ್ತು. ನಾಲ್ಕೂ ಮರುದಿನಕ್ಕೆ ಹೋಯಿತು.

ದಂಡ ಎಷ್ಟು ಅಂತ ಕೇಳಿದೆ. ದಿನಕ್ಕೆ ಒಂದಕ್ಕೆ 50 ರೂಪಾಯಿ, ಬಾಕಿ ತೆರಿಗೆಗೆ ಒಂದು ದಿನದ ಬಡ್ಡಿ. ನಾಲ್ಕಕ್ಕೆ 200. ಕೈಯಿಂದಲೇ ಕಟ್ಟಿದರು. ಹೆಂಡತಿಯ ಜೊತೆ ಮಾತು ಬಿಟ್ಟದ್ದು ಮೂರು ದಿನ.

"200 ರೂಪಾಯಿಯ ಪ್ರಶ್ನೆ ಅಲ್ಲ, ನನ್ನ ಹೆಸರಿನದ್ದು" ಅಂದರು. ಸರಿಯಾದ ಮಾತೇ. ಸ್ವಂತ ಕೆಲಸದವರಿಗೆ ಹೆಸರೇ ಬಂಡವಾಳ. ಆದರೆ ಹಾಗೆ ಹೇಳುವಾಗ ಅವರ ಮುಖದಲ್ಲಿ ಇದ್ದದ್ದು ಹೆದರಿಕೆ. ಒಂದು ದಿನ ಫೋನ್ ಎತ್ತದಿದ್ದರೆ ಅಂಗಡಿಯವನು ಬೇರೆಯವರ ಹತ್ತಿರ ಹೋದಾನು ಅಂತ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಶಿಸ್ತಿಲ್ಲ ಅಂದದ್ದನ್ನು ನಂಬಿ, ಬೆಳಿಗ್ಗೆ 5ಕ್ಕೆ ಎದ್ದು ಮುಕ್ಕಾಲು ಗಂಟೆ ನಡೆಯಿರಿ ಅಂದೆ. ಒಂಬತ್ತು ದಿನ ನಡೆದರು. ರಾತ್ರಿ ಹನ್ನೆರಡೂವರೆಗೆ ಮಲಗುವ ಮನುಷ್ಯನಿಗೆ ಐದಕ್ಕೆ ಏಳಿ ಅಂದರೆ ಎಷ್ಟು ದಿನ? ಹತ್ತನೇ ದಿನ ಬಿಟ್ಟರು. ತನಗೆ ಶಿಸ್ತಿಲ್ಲ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿತು ಅವರಿಗೆ.

ಮುಂದಿನ ಸಲ ಹೆಂಡತಿಯನ್ನೂ ಕರೆದೆ. ಅವರು ಫೋನ್ ತೆಗೆದು ಬೇಕಲ ಕೋಟೆಗೆ ಹೋದಾಗಿನ ಫೋಟೋ ತೋರಿಸಿದರು. ಕೋಟೆ ಗೋಡೆ, ಸಮುದ್ರ, ನಗುವ ಮಕ್ಕಳು. ಪ್ರತಿ ಫೋಟೋದಲ್ಲೂ ಒಂದು ಮೂಲೆಯಲ್ಲಿ ಗಣೇಶರ ಬೆನ್ನು, ಕಿವಿಗೆ ಫೋನು. "ಇವರು ಬರುವುದು ಹೌದು, ಬಂದ ಹಾಗೆ ಆಗುವುದಿಲ್ಲ" ಅಂದರು. ಗಣೇಶ ಏನೂ ಹೇಳಲಿಲ್ಲ.

ಆಮೇಲೆ ಕೇಳಿದೆ, ರಜೆಯ ತಾರೀಕು ಇಡುವುದು ಯಾರು? ಹೆಂಡತಿಯದ್ದು ಕ್ಯಾಲೆಂಡರಿನಲ್ಲೇ ಅಚ್ಚಾಗಿ ಬರುತ್ತದೆ. ಏಪ್ರಿಲ್, ಮೇ ರಜೆ, ಜೂನಿನಲ್ಲಿ ಶಾಲೆ. ಗಣೇಶರ ರಜೆ ಮಂಜೂರು ಮಾಡುವವರು ಯಾರೂ ಇಲ್ಲ. ಮನೆಯಲ್ಲೇ ಇರುತ್ತಾರಲ್ವಾ, ಅವರಿಗೆಂತ ರಜೆ ಅಂತ ಮನೆಯವರು ತಿಳಿದಿದ್ದರು. ನಿಜ ಹೇಳಬೇಕೆಂದರೆ ಅವರೂ ಹಾಗೆಯೇ ತಿಳಿದಿದ್ದರು. ಕೊಡುವವರಿಲ್ಲದ ರಜೆಯನ್ನು ಅವರು ಕದ್ದು ತೆಗೆದುಕೊಳ್ಳುತ್ತಿದ್ದರು. ಕದ್ದದ್ದರಿಂದ ಪೂರ್ತಿ ಅನುಭವಿಸಲೂ ಆಗುತ್ತಿರಲಿಲ್ಲ.

ಗೋಡೆಯ ಕ್ಯಾಲೆಂಡರ್ ತೆಗೆದು ಮೇಜಿನ ಮೇಲಿಟ್ಟೆ. ಕೊನೆ ದಿನಗಳಿಗೆಲ್ಲ ಸುತ್ತು ಹಾಕಿ ಅಂದೆ. ಅಲ್ಲಿಂದ ಪಾಠ ಅವರದ್ದು, ನಾನು ವಿದ್ಯಾರ್ಥಿ. ಏಪ್ರಿಲ್ 11, ತಿಂಗಳ ಮಾರಾಟದ ರಿಟರ್ನ್. 13, ಮೂರು ತಿಂಗಳಿಗೊಮ್ಮೆ ಹಾಕುವವರದ್ದು. 18, ಕಾಂಪೊಸಿಷನ್ ಅನ್ನುವ ಸರಳ ತೆರಿಗೆ ಪದ್ಧತಿಯ ಸಣ್ಣ ಅಂಗಡಿಯವರ ತೆರಿಗೆ. 20, ತಿಂಗಳ 3ಬಿ. 22, ಮೂರು ತಿಂಗಳವರ 3ಬಿ. ಮಾರ್ಚಿಗೆ ಮೂರು ತಿಂಗಳು ಮುಗಿಯುವುದರಿಂದ ಏಪ್ರಿಲಿನಲ್ಲಿ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತದೆ. ಸುತ್ತು ಹಾಕಿ ಮುಗಿದಾಗ ಮೂವರೂ ಸುಮ್ನೆ ನೋಡಿದೆವು. 22ರ ನಂತರ ಮೇ 10ರವರೆಗೆ ಒಂದೇ ಒಂದು ಸುತ್ತಿಲ್ಲ. ಶಾಲೆಗೂ ಆಗ ರಜೆಯೇ. ಇಷ್ಟು ವರ್ಷ ಇವರು ವಿಷುವಿನ ಬೆನ್ನಿಗೇ ಹೊರಟು, ವರ್ಷದ ಅತಿ ಕೆಟ್ಟ ವಾರಕ್ಕೆ ಸಿಕ್ಕಿಬೀಳುತ್ತಿದ್ದರು.

ಸಲಹೆ ಅಂತ ಕೊಟ್ಟದ್ದು ಜಾಸ್ತಿ ಇಲ್ಲ. ಏಪ್ರಿಲ್ 24ರಿಂದ ಮೇ 6ರವರೆಗೆ ಆಫೀಸಿಗೆ ರಜೆ ಅಂತ ಬರೆದು ಬಾಗಿಲಿಗೆ ಅಂಟಿಸಬೇಕು. ಅಂಗಡಿಯವರಿಗೆ ಮಾರ್ಚಿನಲ್ಲೇ ತಿಳಿಸಬೇಕು, ಬಿಲ್ಲು ಏಪ್ರಿಲ್ 8ರೊಳಗೆ ಕೊಡಿ ಅಂತ. ರೈಲಿನ ಟಿಕೆಟ್ 60 ದಿನ ಮೊದಲು ತೆರೆಯುವುದರಿಂದ ಫೆಬ್ರವರಿ ಕೊನೆಗೇ ಕಾದಿರಿಸಬೇಕು. ಪ್ರವಾಸದಲ್ಲಿ ಫೋನು ದಿನಕ್ಕೆ ಒಂದು ಸಲ, ಸಂಜೆ ಅರ್ಧ ಗಂಟೆ. ಉಳಿದ ಹೊತ್ತು ಅದು ಹೆಂಡತಿಯ ಚೀಲದಲ್ಲಿ. ಈ ಕೊನೆಯದ್ದು ನನ್ನ ಐಡಿಯಾ ಅಲ್ಲ, ಮಗಳದ್ದು.

ವ್ಯಾಯಾಮದ ಬಗ್ಗೆ ನಾನೂ ದಾರಿ ಬದಲಿಸಿದೆ. ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಎರಡು ದಿನ ಸ್ನಾಯುಗಳಿಗೆ ಕೆಲಸ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅದನ್ನು ಒಂದೇ ಕಂತಿನಲ್ಲಿ ಕಟ್ಟಬೇಕು ಅಂತ ಎಲ್ಲೂ ಇಲ್ಲ. ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ನಡೆಯಿರಿ, ಸಕ್ಕರೆಗೂ ಒಳ್ಳೆಯದು. ಅಂಗಡಿಯವರ ಫೋನ್ ಬಂದರೆ ಕೂತು ಮಾತಾಡಬೇಡಿ. ಅಡಿಕೆ ಹರಡಿದ ಅಂಗಳಕ್ಕೆ ಸುತ್ತು ಹಾಕುತ್ತಾ ಮಾತಾಡಿ. ನಮ್ಮ ಕರಾವಳಿಯ ಸೆಕೆಗೆ ಹಗಲು ಹೊತ್ತು ಬೇಡ, ಬೆಳಿಗ್ಗೆ ಇಲ್ಲವೇ ಸಂಜೆ. ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಕೈಯಿಟ್ಟು ತಳ್ಳುವುದು ಮುಂಬೈಯ ಸಣ್ಣ ಫ್ಲ್ಯಾಟಿನಲ್ಲೂ ಆಗುತ್ತದೆ. 11ರಿಂದ 22ರವರೆಗೆ ಇಷ್ಟೇ ಸಾಕು. ಜಿಮ್ಮಿನ ಮಾತು ಮಳೆಗಾಲಕ್ಕೆ. ಸಕ್ಕರೆಯ ವಿಷಯ ಡಾಕ್ಟರದ್ದು, ಅದನ್ನು ಅವರ ಹತ್ತಿರವೇ ಕೇಳಿ ಅಂದೆ.

ವಿಷುವಿಗೆ ಎಲ್ಲರೂ ಮನೆಯಲ್ಲಿದ್ದರು. 24ಕ್ಕೆ ಹೊರಟರು. ಮೇ ಮೂರನೇ ವಾರ ಗಣೇಶ ಫೋನ್ ಮಾಡಿದರು. ಹಿಂದಿನಿಂದ ಕಾಗೆ ಕೂಗುವುದು ಕೇಳಿಸುತ್ತಿತ್ತು, ಅಂಗಳದಲ್ಲೇ ಇದ್ದರು ಅಂತ ಕಾಣುತ್ತದೆ. ಪ್ರವಾಸ ಚೆನ್ನಾಯಿತಂತೆ. ಕರಬುಡೆ ಸುರಂಗ ದಾಟಲು ಎಷ್ಟು ನಿಮಿಷ ಬೇಕು ಅಂತ ಮಗಳೂ ಅವರೂ ಎಣಿಸಿದರಂತೆ, ಇಬ್ಬರ ಲೆಕ್ಕವೂ ತಾಳೆಯಾಗಲಿಲ್ಲವಂತೆ. ಊಟದ ಮೇಲಿನ ನಡಿಗೆ ವಾರಕ್ಕೆ ನಾಲ್ಕು ದಿನ ನಡೆಯುತ್ತಿದೆ. ಗೋಡೆ ತಳ್ಳುವುದು ನಿಂತಿದೆ. ಆದರೆ ಒಬ್ಬ ಅಂಗಡಿಯವನು ಬೇರೆಯವರ ಹತ್ತಿರ ಹೋದ. ಫೋನ್ ಎತ್ತಲಿಲ್ಲ ಅಂತಲೇ.

ಅದನ್ನು ಹೇಳುವಾಗ ಅವರ ದನಿ ಸಣ್ಣದಾಯಿತು. 38ರಲ್ಲಿ ಒಂದು ತಾನೇ ಅಂತ ಅನ್ನಲು ನನಗೆ ಮನಸ್ಸಾಗಲಿಲ್ಲ. ಒಂದು ದಿನ ಬನ್ನಿ, ಇದರ ಬಗ್ಗೆಯೇ ಮಾತಾಡೋಣ ಅಂದೆ.

"ಬರುತ್ತೇನೆ. ಈ 20 ಒಂದು ಕಳೆಯಲಿ ಟೀಚರೇ" ಅಂದರು.