ಹಳೇ ಟ್ರೆಂಚ್ ಕೋಟ್ ಕೊಳ್ಳುವ ಮುಂಚೆ ಅದರ ಒಳಗಡೆ ನೋಡಿ

ಹೆಸರಾಂತ ಕಂಪನಿಯ ಹಳೆಯ ಟ್ರೆಂಚ್ ಕೋಟ್, ಅಂದರೆ ಸೊಂಟಕ್ಕೆ ಬೆಲ್ಟು ಕಟ್ಟುವ ಉದ್ದನೆಯ ಮಳೆಕೋಟು, ಒಂದನ್ನು ಆನ್‌ಲೈನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳಬೇಕು ಅಂತ ಬರೆದಿದ್ದೀರಿ. ಅಸಲಿಯೋ ನಕಲಿಯೋ ಹೇಗೆ ಗೊತ್ತಾಗುತ್ತದೆ, ಹಾಕಿ ನೋಡದೆ ಅಳತೆ ಹೇಗೆ ಹೇಳುವುದು, ಅಷ್ಟು ಹಳೆಯದನ್ನು ಮಳೆಯಲ್ಲಿ ಹಾಕಬಹುದಾ ಅಂತ ಕೇಳಿದ್ದೀರಿ. ನಾನು ಹನ್ನೆರಡು ವರ್ಷದಿಂದ ಹಳೆಯ ಕೋಟುಗಳನ್ನು ಹುಡುಕಿ ಕೊಳ್ಳುತ್ತಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಎಲ್ಲರೂ ಮೊದಲು ಲೇಬಲ್ ನೋಡುತ್ತಾರೆ. ನೀವು ಅದನ್ನು ಕೊನೆಗೆ ನೋಡಿ. ಯಾಕೆ ಅಂದರೆ, ಅಸಲಿ ಲೇಬಲ್ ಇದ್ದೂ ಹಾಕಿಕೊಳ್ಳಲು ಬಾರದ ಕೋಟುಗಳು ಬೇಕಾದಷ್ಟಿವೆ. ನನ್ನ ಮೊದಲ ಕೋಟ್ ಹಾಗೇ ಆಯಿತು. ಫೋಟೋದಲ್ಲಿ ಚೆನ್ನಾಗಿತ್ತು, ಲೇಬಲ್ ನಿಜವಾದದ್ದೇ, ಮಾರುವವರು ‘ಒಳ್ಳೆಯ ಸ್ಥಿತಿಯಲ್ಲಿದೆ’ ಅಂತ ಬರೆದಿದ್ದರು. ಮನೆಗೆ ಬಂತು, ಹಾಕಿದೆ, ಭುಜ ಸರಿಯಾಗಿ ಕೂತಿತು. ಕೈ ಮುಂದೆ ಚಾಚಿದರೆ ಮಣಿಕಟ್ಟು ಪೂರ್ತಿ ಹೊರಗೆ! ಆಮೇಲೆ ತೋಳಿನ ತುದಿ ಗಮನಿಸಿದೆ. ಟ್ರೆಂಚ್ ಕೋಟಿನ ತೋಳಿಗೆ ಒಂದು ಸಣ್ಣ ಪಟ್ಟಿ, ಬಕಲ್ ಇರುತ್ತದಲ್ಲ, ಅದು ತೋಳಿನ ಅಂಚಿನಿಂದ ಮೂರು ನಾಲ್ಕು ಬೆರಳು ಮೇಲಿರಬೇಕು. ನನ್ನದರಲ್ಲಿ ಹೆಚ್ಚುಕಡಿಮೆ ಅಂಚಿಗೇ ತಾಗಿಕೊಂಡಿತ್ತು. ಹಿಂದಿನ ಯಾರೋ ತಮ್ಮ ಕೈಗೆ ತಕ್ಕಂತೆ ತೋಳು ಕತ್ತರಿಸಿಬಿಟ್ಟಿದ್ದರು. ಮಡಚಿ ಹೊಲಿದಿದ್ದರೆ ಬಿಚ್ಚಿ ಇಳಿಸಬಹುದಿತ್ತು. ಕತ್ತರಿಸಿದ ಬಟ್ಟೆ ವಾಪಸ್ ಬರುವುದಿಲ್ಲ. ಮಾರಿದವರನ್ನು ಕೇಳಿದರೆ, ‘ನಾವು ಕೊಂಡಾಗಲೇ ಹಾಗಿತ್ತು’ ಅಂದರು. ಅವತ್ತಿನಿಂದ ಎಂಥ ಕೋಟಾದರೂ ತೋಳಿನ ಪಟ್ಟಿಯ ಫೋಟೋ ಹತ್ತಿರದಿಂದ ತೆಗೆಸಿಕೊಳ್ಳದೆ ನಾನು ಮುಂದುವರಿಯುವುದಿಲ್ಲ. ಕೆಳಗಿನ ಅಂಚಿಗೂ ಇದೇ ಪರೀಕ್ಷೆ. ಹಿಂಬದಿಯ ಸೀಳು ಕೋಟಿನ ಉದ್ದಕ್ಕೆ ಹೋಲಿಸಿದರೆ ತೀರ ಗಿಡ್ಡ ಕಂಡರೆ, ಕೆಳಗಿನಿಂದ ಕತ್ತರಿಸಿರುವ ಸಾಧ್ಯತೆ ಜಾಸ್ತಿ.

ಈಗ ಬಟ್ಟೆಯ ವಿಷಯಕ್ಕೆ ಬರುತ್ತೇನೆ. ನನಗೆ ಈ ಕೋಟಿನಲ್ಲಿ ತುಂಬಾ ಇಷ್ಟವಾಗುವುದು ಅದೇ. ಮೊದಲೆಲ್ಲ ಮಳೆಕೋಟು ಅಂದರೆ ರಬ್ಬರು. 1823ರಲ್ಲಿ ಚಾರ್ಲ್ಸ್ ಮ್ಯಾಕಿಂತೋಷ್ ಎರಡು ಪದರ ಬಟ್ಟೆಯ ನಡುವೆ ರಬ್ಬರ್ ಹಾಕಿ ಅಂಟಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ನೀರು ಒಳಗೆ ಬರುತ್ತಿರಲಿಲ್ಲ, ನಿಜ. ಆದರೆ ಮೈ ಬೆವರೂ ಹೊರಗೆ ಹೋಗುತ್ತಿರಲಿಲ್ಲ. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಥಾಮಸ್ ಬರ್ಬೆರಿ 1879ರಲ್ಲಿ ಬೇರೆ ದಾರಿ ಹಿಡಿದರು. ನೇಯ್ದ ಬಟ್ಟೆಗೆ ಏನನ್ನೋ ಬಳಿಯುವ ಬದಲು, ನೂಲಿಗೇ ಮೊದಲು ನೀರು ತಡೆಯುವ ಲೇಪ ಕೊಟ್ಟು, ಆಮೇಲೆ ಒತ್ತೊತ್ತಾಗಿ ನೇಯ್ದರು. ಅದೇ ಗ್ಯಾಬರ್ಡೀನ್. 1888ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ನೇಯ್ಗೆ ಎಷ್ಟು ಒತ್ತಾಗಿದೆ ಅಂದರೆ ಮಳೆಹನಿ ಮೇಲೆಯೇ ಜಾರುತ್ತದೆ, ಆದರೂ ಗಾಳಿ ಆಡುತ್ತದೆ.

ಇದನ್ನು ಕಣ್ಣಿನಲ್ಲೇ ಗುರುತಿಸಬಹುದು. ಹಗಲು ಬೆಳಕು ಓರೆಯಾಗಿ ಬೀಳುವಂತೆ ಬಟ್ಟೆಯ ಒಂದು ಫೋಟೋ ಕೇಳಿ. ಒಳ್ಳೆಯ ಗ್ಯಾಬರ್ಡೀನ್‌ನಲ್ಲಿ ಸಣ್ಣ ಸಣ್ಣ ಓರೆ ಗೆರೆಗಳು, ಒಂದರ ಪಕ್ಕ ಒಂದು, ಎಲ್ಲೂ ತಪ್ಪದೆ ಸಾಗುತ್ತವೆ. ಉಗುರಿನಿಂದ ಅಡ್ಡಕ್ಕೆ ಎಳೆದರೆ ಸಣ್ಣಗೆ ಸದ್ದು ಬರುತ್ತದೆ. ಕೈಗೆ ಸಿಕ್ಕಿದರೆ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಬಿಡಿ. ಪೂರ್ತಿ ಹತ್ತಿಯಾದರೆ ಸುಕ್ಕು ಹಾಗೇ ನಿಲ್ಲುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ಬೇಗ ಬಿಚ್ಚಿಕೊಳ್ಳುತ್ತದೆ. ಹಳೆಯ ಕೋಟುಗಳಲ್ಲಿ, ಎಂಬತ್ತರ ದಶಕದವುಗಳಲ್ಲಂತೂ, ಈ ಬೆರಕೆ ಬಟ್ಟೆ ದೊಡ್ಡ ದೊಡ್ಡ ಹೆಸರಿನವುಗಳಲ್ಲೂ ಸಾಮಾನ್ಯ. ಅದು ನಕಲಿಯ ಲಕ್ಷಣ ಅಲ್ಲ. ಸುಕ್ಕು ಕಡಿಮೆ, ಹಗುರ, ದಿನಾ ಹಾಕಲು ಅನುಕೂಲ. ನನಗೆ ಮಾತ್ರ ಹತ್ತಿಯೇ ಬೇಕು. ಹಾಕಿದಷ್ಟೂ ಅದು ಮೈಗೆ ಒಗ್ಗುತ್ತಾ ಹೋಗುತ್ತದೆ.

ರಬ್ಬರ್ ಪದರದ ಹಳೆಯ ಮ್ಯಾಕಿಂತೋಷ್ ಕೋಟುಗಳೂ ಟ್ರೆಂಚ್ ಅಂತಲೇ ಮಾರಾಟಕ್ಕೆ ಬರುತ್ತವೆ. ಮುಟ್ಟಿ ನೋಡದೆ ಅವುಗಳನ್ನು ಕೊಳ್ಳಬೇಡಿ. ವರ್ಷ ಕಳೆದ ಹಾಗೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಇಲ್ಲವೇ ಅಂಟಂಟಾಗುತ್ತದೆ. ಅದಕ್ಕೆ ರಿಪೇರಿ ಇಲ್ಲ.

ಕೋಟಿನ ಒಂದೊಂದು ಭಾಗ ಯಾಕಿದೆ ಅಂತ ಗೊತ್ತಿದ್ದರೆ ಯಾವುದು ಕಳೆದುಹೋಗಿದೆ ಅಂತ ತಕ್ಷಣ ಕಾಣುತ್ತದೆ. 1912ರಲ್ಲಿ ಬರ್ಬೆರಿ ‘ಟೈಲಾಕೆನ್’ ಅನ್ನುವ ಕೋಟಿಗೆ ಪೇಟೆಂಟ್ ಮಾಡಿಸಿದರು. ಅದಕ್ಕೆ ಗುಂಡಿಗಳ ಸಾಲು ಇರಲಿಲ್ಲ, ಪಟ್ಟಿ ಮತ್ತು ಬಕಲ್‌ನಿಂದ ಬಿಗಿಯುವುದು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಕಂದಕಗಳಲ್ಲಿ ನಿಂತ ಬ್ರಿಟಿಷ್ ಅಧಿಕಾರಿಗಳಿಗೆ ಇಂಥ ಕೋಟುಗಳು ಬೇಕಾದವು. ಟ್ರೆಂಚ್ ಅಂದರೆ ಕಂದಕವೇ ಅಲ್ವಾ, ಹೆಸರು ಬಂದದ್ದು ಅಲ್ಲಿಂದ. ಭುಜದ ಪಟ್ಟಿ ಹುದ್ದೆಯ ಗುರುತು ಹಾಕಲು. ಎದೆಯ ಮೇಲಿನ ಹೆಚ್ಚುವರಿ ಪದರ, ಬೆನ್ನಿನ ಮೇಲಿನ ಹೊದಿಕೆ, ಎರಡೂ ಮಳೆನೀರು ಒಳಗೆ ಇಳಿಯದಂತೆ ತಡೆಯಲು. ಬೆಲ್ಟಿನ ‘ಡಿ’ ಆಕಾರದ ಉಂಗುರಗಳಿಗೆ ಗ್ರೆನೇಡ್ ನೇತುಹಾಕುತ್ತಿದ್ದರು ಅಂತ ಮಾರುವವರು ಹೇಳುತ್ತಾರೆ. ಅದು ಸುಮ್ನೆ ಕಥೆ. ನಕಾಶೆ ಚೀಲದಂಥ ಸಾಮಾನು ಕಟ್ಟಿಕೊಳ್ಳಲು ಇದ್ದವು.

ಹೆಚ್ಚಾಗಿ ಕಳೆದುಹೋಗುವುದು ಎರಡು: ಬೆಲ್ಟು, ಮತ್ತೆ ಕಾಲರ್ ಕೆಳಗೆ ಗುಂಡಿ ಹಾಕಿ ಸಿಕ್ಕಿಸುವ ಕತ್ತಿನ ಪಟ್ಟಿ. ಕತ್ತಿನ ಪಟ್ಟಿ ಇಲ್ಲದಿದ್ದರೂ ನಡೆಯುತ್ತದೆ. ಬೆಲ್ಟು ಇಲ್ಲದಿದ್ದರೆ ನಾನು ಕೊಳ್ಳುವುದಿಲ್ಲ. ಅದೇ ಬಣ್ಣಕ್ಕೆ, ಅದೇ ಮಟ್ಟಕ್ಕೆ ಮಾಸಿದ ಇನ್ನೊಂದು ಬೆಲ್ಟು ಸಿಗುವುದು ಬಹಳ ಕಷ್ಟ. ಬಕಲ್‌ನ ಚರ್ಮ ಬಿರುಕು ಬಿಟ್ಟಿದ್ದರೆ ಮಾತ್ರ ಚಿಂತೆ ಬೇಡ, ಚರ್ಮದ ಕೆಲಸದವರು ಹೊಸದಾಗಿ ಸುತ್ತಿ ಕೊಡುತ್ತಾರೆ.

ಆಮೇಲೆ ಕೋಟನ್ನು ಒಳಹೊರಗು ಮಾಡಿ ಫೋಟೋ ಕಳಿಸಿ ಅಂತ ಕೇಳಿ. ಒಳ್ಳೆಯ ಮಾರಾಟಗಾರರು ಬೇಸರ ಮಾಡಿಕೊಳ್ಳುವುದಿಲ್ಲ. ಕಂಕುಳಿನ ಹತ್ತಿರ ಲೈನಿಂಗ್ ನೋಡಿ, ಬೆವರಿನ ಕಲೆ ಇದ್ದರೆ ಆ ಜಾಗದಲ್ಲಿ ಬಟ್ಟೆಯೂ ಬಲ ಕಳೆದುಕೊಂಡಿರುತ್ತದೆ. ಜೇಬಿನ ಬಾಯಿ ನೋಡಿ. ಕಾಲರ್ ಎತ್ತಿ, ಅದರ ಅಡಿಯ ಬಣ್ಣವನ್ನು ಭುಜದ ಬಣ್ಣಕ್ಕೆ ಹೋಲಿಸಿ. ವರ್ಷಗಟ್ಟಲೆ ಕಿಟಕಿ ಪಕ್ಕ ನೇತುಹಾಕಿದ ಕೋಟಿನ ಭುಜ ಬಿಸಿಲಿಗೆ ಬೆಳ್ಳಗಾಗಿರುತ್ತದೆ, ಕಾಲರ್ ಅಡಿಯಲ್ಲಿ ಮೂಲ ಬಣ್ಣ ಹಾಗೇ ಇರುತ್ತದೆ. ಬಣ್ಣ ಹಾಕಿಸಿದರಾಯಿತು ಅಂದುಕೊಳ್ಳಬೇಡಿ. ಹೊಲಿಗೆಯ ದಾರ ಪಾಲಿಯೆಸ್ಟರ್ ಆಗಿದ್ದರೆ ಹತ್ತಿಗೆ ಹಾಕುವ ಬಣ್ಣ ಅದಕ್ಕೆ ಹಿಡಿಯುವುದಿಲ್ಲ, ಕೋಟಿನ ತುಂಬಾ ಹಳೆಯ ಬಣ್ಣದ ಗೆರೆ ಎದ್ದು ಕಾಣುತ್ತದೆ.

ವಾಸನೆ ಬಗ್ಗೆ ಕೇಳಲು ಸಂಕೋಚ ಬೇಡ. ನುಸಿಗುಳಿಗೆ ವಾಸನೆ ನೆರಳಲ್ಲಿ ಗಾಳಿಗೆ ಹಾಕಿದರೆ ಕೆಲವು ವಾರದಲ್ಲಿ ಹೋಗುತ್ತದೆ. ಬೂಷ್ಟು ಹಿಡಿದ ಮುಗ್ಗಲು ವಾಸನೆ, ಲೈನಿಂಗ್‌ಗೆ ಇಳಿದ ಸಿಗರೇಟ್ ವಾಸನೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಗುಂಡಿ ಅಥವಾ ಜಿಪ್ ಹಾಕಿ ಸೇರಿಸುವ ಉಣ್ಣೆಯ ಒಳಕೋಟು ಇದೆಯಾ ಅಂತಲೂ ಕೇಳಿ. ಇದ್ದರೆ ಬೆಳಕಿಗೆ ಹಿಡಿದ ಫೋಟೋ ಬೇಕು. ನುಸಿ ತಿಂದ ತೂತು ಹಾಗೆ ಹಿಡಿದಾಗಲೇ ಕಾಣುವುದು.

ಇಷ್ಟೆಲ್ಲ ಸರಿ ಅನ್ನಿಸಿದ ಮೇಲೆ ಲೇಬಲ್. ಬರ್ಬೆರಿ ಕಂಪನಿಯ ಹಳೆಯ ಕೋಟುಗಳಲ್ಲಿ ಹೆಸರಿನ ಕೊನೆಗೆ ಒಂದು ‘ಎಸ್’ ಇರುತ್ತದೆ, ಅಂದರೆ ‘ಬರ್ಬೆರೀಸ್’. 1999ರಲ್ಲಿ ಆ ‘ಎಸ್’ ತೆಗೆದರು. ಹಾಗಾಗಿ ‘ಎಸ್’ ನೋಡಿ ನಕಲಿ ಅಂತ ಬಿಟ್ಟುಬಿಡಬೇಡಿ. ಉಲ್ಟಾ, ಎಪ್ಪತ್ತರ ದಶಕದ್ದು ಅಂತ ಹೇಳಿ ‘ಎಸ್’ ಇಲ್ಲದ ಲೇಬಲ್ ತೋರಿಸಿದರೆ ಅನುಮಾನ ಪಡಿ. ಆಕ್ವಾಸ್ಕ್ಯೂಟಮ್ 1851ರಲ್ಲಿ ಲಂಡನ್ನಿನಲ್ಲಿ ಶುರುವಾದ ಕಂಪನಿ, ಲ್ಯಾಟಿನ್‌ನಲ್ಲಿ ಆ ಹೆಸರಿನ ಅರ್ಥ ‘ನೀರಿಗೆ ಗುರಾಣಿ’. ಬರ್ಬೆರಿಯಷ್ಟು ಜನ ಹುಡುಕದ ಕಾರಣ ಅದರ ಒಳ್ಳೆಯ ಕೋಟುಗಳು ಇನ್ನೂ ಸುಲಭವಾಗಿ ಸಿಗುತ್ತವೆ. ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಅದನ್ನೇ. ಪಿಯರ್ ಕಾರ್ಡಿನ್, ಕ್ರಿಶ್ಚಿಯನ್ ಡಿಯೋರ್ ಥರದ ಫ್ಯಾಷನ್ ಕಂಪನಿಗಳ ಹೆಸರುಗಳಲ್ಲಿ ಒಂದು ಎಚ್ಚರ ಬೇಕು. ಎಪ್ಪತ್ತು ಎಂಬತ್ತರ ದಶಕದಲ್ಲಿ ಈ ಕಂಪನಿಗಳು ತಮ್ಮ ಹೆಸರು ಬಳಸಲು ಬೇರೆ ಬೇರೆ ತಯಾರಕರಿಗೆ ಲೈಸೆನ್ಸ್ ಕೊಟ್ಟಿದ್ದವು. ಲೇಬಲ್ ಅಸಲಿ, ಆದರೆ ಬಟ್ಟೆ ಸಾಧಾರಣ ಅನ್ನುವ ಕೋಟುಗಳು ಹಾಗೆ ಬಂದವು.

ಲೇಬಲ್ ಸುತ್ತ ಹೊಲಿಗೆಯನ್ನು ದೊಡ್ಡದು ಮಾಡಿ ನೋಡಿ. ಖಾಲಿ ಸೂಜಿ ತೂತುಗಳಿದ್ದರೆ, ದಾರದ ಬಣ್ಣ ಬೇರೆ ಇದ್ದರೆ, ಹರಿದ ಕೋಟಿನ ಲೇಬಲ್ ತಂದು ಇದಕ್ಕೆ ಹೊಲಿದಿರಬಹುದು. ಚೌಕಳಿ ಲೈನಿಂಗ್ ಆದರೆ ಮುಖ್ಯ ಹೊಲಿಗೆಗಳಲ್ಲಿ ಎರಡು ಕಡೆಯ ಗೆರೆ ಕೂಡುತ್ತದಾ ನೋಡಿ. ಅಮೆರಿಕದಲ್ಲಿ ಬಟ್ಟೆ ಒಗೆಯುವ ಸೂಚನೆಯನ್ನು ಉಡುಪಿಗೇ ಹೊಲಿಯಬೇಕು ಅನ್ನುವ ನಿಯಮ ಜಾರಿಗೆ ಬಂದದ್ದು 1972ರಲ್ಲಿ. ಅಲ್ಲಿನ ಐವತ್ತರ ದಶಕದ ಕೋಟ್ ಅಂತ ಹೇಳಿ ಒಳಗೆ ವಿವರವಾದ ಒಗೆಯುವ ಲೇಬಲ್ ಇದ್ದರೆ ಲೆಕ್ಕ ತಾಳೆಯಾಗುವುದಿಲ್ಲ.

ಅಳತೆಯಲ್ಲಿ ಲೇಬಲ್ ಮೇಲಿನ ನಂಬರ್ ನಂಬಬೇಡಿ. ಅದು ಹಾಕುವವರ ಎದೆ ಅಳತೆಯ ಮೇಲೆ ಕೊಟ್ಟ ನಂಬರ್, ಕೋಟಿನ ಅಳತೆ ಅಲ್ಲ. ಜತೆಗೆ ದೇಶಕ್ಕೊಂದು ಲೆಕ್ಕ. ಬ್ರಿಟನ್ನಿನಲ್ಲಿ ಗಂಡಸರ ಕೋಟಿಗೆ 40 ಅಂತ ಇದ್ದದ್ದು ಯುರೋಪಿನ ಲೆಕ್ಕದಲ್ಲಿ 50. ನಿಮ್ಮ ಹತ್ತಿರ ಸರಿಯಾಗಿ ಕೂರುವ ಜಾಕೆಟ್ ಅಥವಾ ಕೋಟ್ ಇದ್ದರೆ, ಗುಂಡಿ ಹಾಕಿ ಮೇಜಿನ ಮೇಲೆ ಹರಡಿ, ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ಟೇಪು ಹಿಡಿಯಿರಿ. ಮಾರುವವರಿಗೂ ಹಾಗೇ ಅಳೆದು ಹೇಳಲು ಕೇಳಿ. ಅವರು ಹೇಳಿದ ಅಳತೆಯ ಎರಡರಷ್ಟು, ನಿಮ್ಮ ಎದೆ ಸುತ್ತಳತೆಗಿಂತ 15 ಸೆಂಟಿಮೀಟರಾದರೂ ಜಾಸ್ತಿ ಬರಬೇಕು. ಒಳಗೆ ಸ್ವೆಟರ್ ಹಾಕುವುದಾದರೆ ಇನ್ನೂ ಸ್ವಲ್ಪ.

ತೋಳಿನಲ್ಲಿ ಎಷ್ಟೋ ಜನ ಎಡವುತ್ತಾರೆ. ಬಹಳಷ್ಟು ಟ್ರೆಂಚ್ ಕೋಟುಗಳದ್ದು ರಾಗ್ಲನ್ ತೋಳು. ಅಂದರೆ ತೋಳಿನ ಹೊಲಿಗೆ ಭುಜದ ತುದಿಯಲ್ಲಿ ಇರುವುದಿಲ್ಲ, ಕಂಕುಳಿಂದ ಓರೆಯಾಗಿ ಕಾಲರ್‌ವರೆಗೆ ಹೋಗುತ್ತದೆ. ಆಗ ‘ಭುಜದ ಅಗಲ ಇಷ್ಟು’ ಅಂತ ಯಾರಾದರೂ ಹೇಳಿದರೆ ಅದು ಅಂದಾಜು ಮಾತ್ರ. ಹಿಂಬದಿ ಕಾಲರ್ ನಡುವಿನಿಂದ ತೋಳಿನ ತುದಿವರೆಗೆ ಅಳೆಯಲು ಹೇಳಿ. ನಿಮ್ಮ ಮೈಮೇಲೂ ಕತ್ತಿನ ಹಿಂಬದಿ ಮೂಳೆಯಿಂದ, ಕೈ ಸ್ವಲ್ಪ ಮಡಚಿಕೊಂಡು, ಮಣಿಕಟ್ಟು ದಾಟುವವರೆಗೆ ಅಳೆಸಿಕೊಳ್ಳಿ. ಎದೆ, ತೋಳು, ಈ ಎರಡರ ಅಳತೆ ಹೊಂದಿದರೆ ಕೊಳ್ಳಿ. ಸೊಂಟ ಬೆಲ್ಟಿನಲ್ಲಿ ಸರಿಹೋಗುತ್ತದೆ, ಉದ್ದ ಟೈಲರ್ ಕಡಿಮೆ ಮಾಡಬಲ್ಲರು. ತೋಳು ಗಿಡ್ಡವಿದ್ದರೆ, ಎದೆ ಬಿಗಿಯಿದ್ದರೆ ಬಿಟ್ಟುಬಿಡಿ, ಎಷ್ಟೇ ಅಪರೂಪದ್ದಾದರೂ.

ಗುಂಡಿ ಹೋಗಿದೆ, ಲೈನಿಂಗ್ ಒಂದು ಗೇಣು ಬಿಚ್ಚಿದೆ, ಜೇಬಿನ ಒಳಗೆ ತೂತು ಅಂತ ಯಾರಾದರೂ ಪ್ರಾಮಾಣಿಕವಾಗಿ ಬರೆದಿದ್ದರೆ ಅಂಥದ್ದನ್ನು ಬಿಡಬೇಡಿ. ಇವೆಲ್ಲ ಒಂದು ಮಧ್ಯಾಹ್ನದ ಹೊಲಿಗೆ ಕೆಲಸ. ನಾನು ಈಗ ಜಾಸ್ತಿ ಹಾಕುವ ಕೋಟು ಬಂದಾಗ ನಾಲ್ಕು ಗುಂಡಿ ಇರಲಿಲ್ಲ.

ಕೊನೆಯ ಪ್ರಶ್ನೆ, ಮಳೆ. ಹಾಕಬಹುದು, ಅದಕ್ಕೇ ಅಲ್ವಾ ಮಾಡಿದ್ದು. ಆದರೆ ಮೊದಲು ಪರೀಕ್ಷೆ ಮಾಡಿ. ಕೆಳಗಿನ ಅಂಚಿನಲ್ಲಿ, ಕಾಣದ ಕಡೆ, ನಾಲ್ಕು ಹನಿ ನೀರು ಹಾಕಿ. ಹನಿ ಮುತ್ತಿನ ಹಾಗೆ ಗುಂಡಗೆ ನಿಂತರೆ ಲೇಪ ಇನ್ನೂ ಇದೆ. ಕ್ಷಣದಲ್ಲಿ ಒಳಗಿಳಿದು ಬಣ್ಣ ಗಾಢವಾದರೆ ಹೋಗಿದೆ. ವರ್ಷಗಟ್ಟಲೆ ಒಗೆದು, ಸಾಬೂನು ಉಳಿದು ಹಾಗಾಗುತ್ತದೆ. ಡ್ರೈಕ್ಲೀನ್ ಮಾಡಿಸಿ, ನೀರು ತಡೆಯುವ ಲೇಪ ಮತ್ತೆ ಹಾಕಿಸಿ. ಕೆಲವು ಡ್ರೈಕ್ಲೀನರ್‌ಗಳು ಈ ಕೆಲಸ ಮಾಡುತ್ತಾರೆ, ಕೇಳಿ ನೋಡಿ. ಮಷೀನಿಗೆ ಹಾಕಬೇಡಿ. ನೆನೆದು ಬಂದ ದಿನ ಅಗಲ ಭುಜದ ಹ್ಯಾಂಗರ್‌ಗೆ ಹಾಕಿ, ಬೆಲ್ಟು ಬಿಚ್ಚಿ, ಜೇಬು ಖಾಲಿ ಮಾಡಿ, ನೆರಳಲ್ಲಿ ತಾನಾಗಿಯೇ ಒಣಗಲು ಬಿಡಿ. ಪೂರ್ತಿ ಒಣಗುವ ಮುಂಚೆ ಬೀರುವಿಗೆ ಸೇರಿಸಬೇಡಿ, ಬೂಷ್ಟು ಶುರುವಾಗುವುದು ಅಲ್ಲೇ.