ಬಡ ದೇಶಕ್ಕೆ ಒಂದು ವಾರದ ಸೇವೆಗೆಂದು ಹೋಗುವ ಚರ್ಚ್ ತಂಡಗಳಿಂದ ಅಲ್ಲಿನವರಿಗೆ ಪ್ರಯೋಜನವಿದೆಯೇ?

ಇದೆ, ಆದರೆ ತಂಡ ಯಾವ ಕೆಲಸಕ್ಕೆ ಹೋಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೆರಿಬಿಯನ್ ಸಮುದ್ರದ ಬಡ ದೇಶ ಹೈಟಿಯನ್ನೇ ನೋಡಿ: 2010ರ ಜನವರಿ 12ರಂದು 7.0 ತೀವ್ರತೆಯ ಭೂಕಂಪ ರಾಜಧಾನಿ ಪೋರ್ಟೊಪ್ರಿನ್ಸ್‌ನ ಬಹುಭಾಗವನ್ನು ಕೆಡವಿದ ಮೇಲೆ ಅಮೆರಿಕದ ಚರ್ಚ್‌ಗಳಿಂದ ತಂಡದ ಮೇಲೆ ತಂಡ ಬಂದವು. ಕರಣೆ ಹಿಡಿದೇ ಗೊತ್ತಿಲ್ಲದ ವಿದ್ಯಾರ್ಥಿಗಳು ಬಿಸಿಲಲ್ಲಿ ಸಾಲಾಗಿ ನಿಂತು ಕಲಸಿದ ಸಿಮೆಂಟಿನ ಬಕೆಟ್ಟನ್ನು ಕೈಯಿಂದ ಕೈಗೆ ದಾಟಿಸುವಾಗ, ಅದೇ ಕೆಲಸದಿಂದ ಹೊಟ್ಟೆ ಹೊರೆಯುವ ಊರಿನ ಗಾರೆಯವನು ಕೂಲಿಯಿಲ್ಲದೆ ನೋಡುತ್ತ ನಿಲ್ಲಬೇಕಾದರೆ, ಆ ಸೇವೆ ಯಾರಿಗಾಗಿ ಎಂದು ಕೇಳಲೇಬೇಕಾಗುತ್ತದೆ. ಒಬ್ಬರ ವಿಮಾನದ ಟಿಕೆಟ್ಟಿನ ಹಣವೇ ಅವನಿಗೆ ತಿಂಗಳುಗಟ್ಟಲೆಯ ಕೂಲಿ. ಅನಾಥಾಲಯದ ಭೇಟಿ ಇನ್ನೂ ಸಂಕಟದ ವಿಷಯ. ಅಲ್ಲಿನ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಬಡತನದಿಂದ ಮನೆಬಿಟ್ಟ ಆ ಮಕ್ಕಳು ವಾರಕ್ಕೊಮ್ಮೆ ಬದಲಾಗುವ ಅತಿಥಿಗಳಿಗೆ ಅಂಟಿಕೊಂಡು ಮತ್ತೆ ಮತ್ತೆ ಅಗಲುತ್ತಾರೆ.

ವೈದ್ಯರ ತಂಡದ ಮಾತು ಬೇರೆ. ಸ್ಥಳೀಯ ಆಸ್ಪತ್ರೆ ಕರೆದಾಗ ಹೋಗಿ, ಅಲ್ಲಿನ ಜನರ ಭಾಷೆಯಾದ ಕ್ರಿಯೋಲ್ ಬಲ್ಲ ದಾದಿಯರೊಂದಿಗೆ ಶಸ್ತ್ರಚಿಕಿತ್ಸೆ ನಡೆಸಿ, ತಾವು ಹೊರಟ ಮೇಲೆ ಹೊಲಿಗೆ ಬಿಚ್ಚುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಂಡಿದ್ದರೆ ಏಳು ದಿನವೂ ಸಾರ್ಥಕ. ನೀವು ಹೋಗುವುದಾದರೆ, ಏನು ಬೇಕೆಂದು ಅಲ್ಲಿನ ಚರ್ಚಿನ ಸಭಾಪಾಲಕರನ್ನು ಮೊದಲು ಕೇಳಿ. ಹಣವಷ್ಟೇ ಸಾಕು ಎಂದರೆ ಹಣವನ್ನೇ ಕಳುಹಿಸಿ.