ಶುಗರ್ ಇರುವುದು ರಕ್ತದಲ್ಲಿ, ತಲೆಯಲ್ಲಲ್ಲ!

ಪ್ರಶ್ನೆ: ನನಗೆ 47 ವರ್ಷ. ಆರು ವರ್ಷದಿಂದ ಶುಗರ್ ಇದೆ. ಮಾತ್ರೆ ಸಾಲುತ್ತಿಲ್ಲ, ಇನ್ಸುಲಿನ್ ಶುರು ಮಾಡಿ ಎಂದರು. ತಂದು ಫ್ರಿಜ್ಜಿನಲ್ಲಿಟ್ಟು ಎರಡು ತಿಂಗಳಾಯಿತು, ಡಬ್ಬಿ ಬಿಚ್ಚಿಲ್ಲ. ಹೋದ ವಾರ ಡಾಕ್ಟರು ‘ಆರೋಗ್ಯ ಮನೋವಿಜ್ಞಾನಿಯನ್ನು ನೋಡಿ’ ಎಂದು ಚೀಟಿ ಕೊಟ್ಟರು. ನನ್ನ ಕಾಯಿಲೆ ರಕ್ತದಲ್ಲಿದೆ, ತಲೆಯಲ್ಲಲ್ಲ ಅಲ್ವಾ? ಇದ್ಯಾವ ಹೊಸ ಶಾಸ್ತ್ರ?
– ಹೆಸರು ಬೇಡ

ಉತ್ತರ: ನಿಮ್ಮ ಕಾಯಿಲೆ ರಕ್ತದಲ್ಲೇ ಇದೆ. ಡಾಕ್ಟರಿಗೂ ಅದು ಗೊತ್ತು. ಅವರ ಚಿಂತೆ ಫ್ರಿಜ್ಜಿನಲ್ಲಿರುವ ಡಬ್ಬಿಯದು.

ನಾನೂ ಒಬ್ಬ ಆರೋಗ್ಯ ಮನೋವಿಜ್ಞಾನಿಯೇ. ಆಸ್ಪತ್ರೆಯಲ್ಲಿ ಈ ಕೆಲಸಕ್ಕೆ ಸೇರಿದಾಗ ಎಕ್ಸ್‌ರೇ ಕೋಣೆಯ ಪಕ್ಕ, ಕಿಟಕಿಯಿಲ್ಲದ ಒಂದು ಗೂಡು ಕೊಟ್ಟಿದ್ದರು. ಮೊದಲ ದಿನ ಬಂದವರು ಕೂರುವುದಕ್ಕೂ ಮುಂಚೆ ‘ನನಗೇನೂ ಹುಚ್ಚಿಲ್ಲ’ ಎಂದರು. ಈಗಲೂ ಎಷ್ಟೋ ಜನ ಹಾಗೇ ಶುರು ಮಾಡುತ್ತಾರೆ. ಅವರನ್ನು ಬೈಯುವ ಹಾಗಿಲ್ಲ. ಹಿಂದಿನವರು ಮಾಡಿಟ್ಟ ಎಡವಟ್ಟು ಅದು. ಕಳೆದ ಶತಮಾನದ ನಡುವಿನಲ್ಲಿ ಶಿಕಾಗೋದ ಮನೋವೈದ್ಯ ಫ್ರಾಂಜ್ ಅಲೆಕ್ಸಾಂಡರ್ ಮತ್ತು ಜೊತೆಯವರು ಒಂದೊಂದು ಕಾಯಿಲೆಗೆ ಒಂದೊಂದು ಮನಸ್ಸಿನ ತೊಳಲಾಟ ಹುಡುಕಿದರು. ಆಸ್ತಮಾ ಎಂದರೆ ಅಮ್ಮನಿಗಾಗಿ ಅಳಲಾರದೆ ನುಂಗಿಕೊಂಡ ಅಳು ಎಂದರು. ಹೊಟ್ಟೆಹುಣ್ಣಿಗೂ ಹೀಗೇ ಒಂದು ಕಥೆ ಇತ್ತು. ಆಮೇಲೆ 1980ರ ದಶಕದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಹುಣ್ಣಿನ ಹಿಂದೆ ಒಂದು ಬ್ಯಾಕ್ಟೀರಿಯಾ ಇದೆ ಎಂದು ತೋರಿಸಿದರು. ಅಷ್ಟು ವರ್ಷ ಹುಣ್ಣಿನವರು ಹೊಟ್ಟೆನೋವಿನ ಜೊತೆಗೆ ಮಾತನ್ನೂ ಕೇಳಿಸಿಕೊಂಡರು.

ನನ್ನ ಕೆಲಸದ ಬೇರು ಅಲ್ಲಿಗಿಂತ ಜಾಸ್ತಿ ಒಂದು ಎಕ್ಸ್‌ರೇ ವ್ಯಾನಿನಲ್ಲಿದೆ. 1950ರ ದಶಕದ ಅಮೆರಿಕ. ಕ್ಷಯ ಪತ್ತೆ ಮಾಡಲು ಸರ್ಕಾರ ವ್ಯಾನುಗಳನ್ನು ಬೀದಿ ಬೀದಿಗೆ ಕಳಿಸಿತು. ಕಾಸಿಲ್ಲ, ನೋವಿಲ್ಲ, ನಿಮಿಷದ ಕೆಲಸ. ಆದರೂ ಎಷ್ಟೋ ಜನ ಬರಲಿಲ್ಲ. ಅಧಿಕಾರಿಗಳಿಗೆ ತಲೆ ಕೆಟ್ಟಿತು. ಗಾಡ್‌ಫ್ರೀ ಹಾಕ್‌ಬಾಮ್ ಎಂಬ ಸಮಾಜ ಮನೋವಿಜ್ಞಾನಿ ಸುಮ್ನೆ ಹೋಗಿ ಜನರನ್ನೇ ಕೇಳಿದರು, ಮೂರು ನಗರಗಳಲ್ಲಿ, 1200ಕ್ಕೂ ಹೆಚ್ಚು ಮಂದಿಯನ್ನು. ‘ನನಗೂ ಕ್ಷಯ ಬರಬಹುದು’, ‘ಬೇಗ ಗೊತ್ತಾದರೆ ಒಳ್ಳೆಯದು’ ಎಂಬ ಎರಡೂ ನಂಬಿಕೆ ಇದ್ದವರಲ್ಲಿ ನೂರಕ್ಕೆ 82 ಮಂದಿ ತಾವಾಗಿ ಎಕ್ಸ್‌ರೇ ತೆಗೆಸಿಕೊಂಡಿದ್ದರು. ಎರಡೂ ಇಲ್ಲದವರಲ್ಲಿ 21. ವ್ಯಾನು ಅದೇ, ಯಂತ್ರ ಅದೇ. ಬಾರದವರನ್ನು ದಡ್ಡರು, ಸೋಮಾರಿಗಳು ಎನ್ನುವ ಬದಲು ಅವರ ಲೆಕ್ಕಾಚಾರ ಏನು ಎಂದು ಕೇಳಿದ್ದು ನನಗೆ ಇವತ್ತಿಗೂ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಪ್ರಯೋಗ 1964ರದ್ದು. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯ ಲಾರೆನ್ಸ್ ಎಗ್ಬರ್ಟ್ ಹೊಟ್ಟೆ ಆಪರೇಷನ್ ಆಗಬೇಕಿದ್ದ 97 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಜೊತೆ ಕೂತು, ಎಲ್ಲಿ ನೋಯುತ್ತದೆ, ಎಷ್ಟು ದಿನ, ಹೇಗೆ ಉಸಿರು ಬಿಡಬೇಕು, ಹೇಗೆ ಮಗ್ಗುಲಾಗಬೇಕು ಎಂದು ಬಿಡಿಸಿ ಹೇಳಿದರು. ಯಾರಿಗೆ ಹೇಳಲಾಗಿದೆ ಎಂಬುದು ಸರ್ಜನ್‌ಗಳಿಗೇ ಗೊತ್ತಿರಲಿಲ್ಲ. ಹೇಳಿಸಿಕೊಂಡವರಿಗೆ ನೋವಿನ ಮದ್ದು ಅರ್ಧದಷ್ಟೇ ಸಾಕಾಯಿತು. ಸರಾಸರಿ 2.7 ದಿನ ಮುಂಚೆ ಮನೆಗೆ ಹೊರಡುವ ಹಾಗಾದರು. ಹೊಲಿಗೆ ಮಾತ್ರ ಎರಡೂ ಗುಂಪಿನವರ ಹೊಟ್ಟೆಯ ಮೇಲೂ ಇತ್ತು!

ಇವಕ್ಕೆಲ್ಲ ಒಂದು ಸೂರು ಕಟ್ಟಿಕೊಟ್ಟವರು ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್. 1977ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ, ದೇಹ, ಮನಸ್ಸು, ಸುತ್ತಲಿನ ಬದುಕು ಮೂರನ್ನೂ ಒಟ್ಟಿಗೆ ನೋಡಬೇಕು ಎಂದು ಬರೆದರು. ಅಲ್ಲಿ ಅವರು ಎತ್ತಿಕೊಂಡ ಉದಾಹರಣೆಗಳಲ್ಲಿ ಒಂದು ನಿಮ್ಮದೇ ಕಾಯಿಲೆ, ಮಧುಮೇಹ. ಮರುವರ್ಷ ಅಮೆರಿಕದ ಮನೋವಿಜ್ಞಾನ ಸಂಘದಲ್ಲಿ ಆರೋಗ್ಯ ಮನೋವಿಜ್ಞಾನಕ್ಕೆ ಒಂದು ವಿಭಾಗ ಹುಟ್ಟಿತು, ಜೋಸೆಫ್ ಮಾಟರಾಜೊ ಅದರ ಮೊದಲ ಅಧ್ಯಕ್ಷರಾದರು. ಹೊಸ ಶಾಸ್ತ್ರ ಎಂದಿರಲ್ಲ, ವಯಸ್ಸಿನಲ್ಲಿ ಹೆಚ್ಚುಕಡಿಮೆ ನಿಮ್ಮ ಓರಗೆಯದೇ.

ಈಗ ಡಬ್ಬಿಗೆ ಬರೋಣ. ನೀವು ನನ್ನ ಕೋಣೆಗೆ ಬಂದಿದ್ದರೆ ನಾನು ಮೊದಲು ಕೇಳುತ್ತಿದ್ದದ್ದು ಇಷ್ಟೇ: ನಿಮಗೆ ಗೊತ್ತಿರುವವರಲ್ಲಿ ಇನ್ಸುಲಿನ್ ತೆಗೆದುಕೊಂಡವರು ಯಾರು, ಅವರಿಗೆ ಏನಾಯಿತು? ಕೆಲವರು ಸೂಜಿಗೆ ಹೆದರುತ್ತಾರೆ. ಇನ್ನು ಕೆಲವರು ‘ಇನ್ಸುಲಿನ್ ಅಂದರೆ ಕೊನೇ ಹಂತ’ ಎಂದುಕೊಂಡಿರುತ್ತಾರೆ. ಎರಡಕ್ಕೂ ಮದ್ದು ಬೇರೆ ಬೇರೆ. ಎರಡು ತಿಂಗಳು ಹಾಕಿಕೊಂಡಿಲ್ಲ ಎಂಬುದನ್ನು ನಿಮ್ಮ ಡಾಕ್ಟರಿಗೆ ಇವತ್ತೇ ಹೇಳಿ, ಡಬ್ಬಿಯ ಮೇಲಿನ ತಾರೀಖು ನೋಡಿ. ಆ ಚೀಟಿ ಹಿಡಿದು ಹೋಗುವಾಗ ಡಬ್ಬಿಯೂ ಕೈಯಲ್ಲಿರಲಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಮೂಗಿನ ತುದಿಯಲ್ಲೇ ಕೋಪ, ಸದಾ ಅವಸರ. ‘ಟೈಪ್ ಎ’ ಜನಕ್ಕೆ ಹಾರ್ಟ್ ಅಟ್ಯಾಕ್ ಗ್ಯಾರಂಟಿಯಂತೆ, ಹೌದೇ?
– ಓದುಗಿ

ಉತ್ತರ: ಗ್ಯಾರಂಟಿ ಏನಿಲ್ಲ. 1950ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೃದಯ ತಜ್ಞರಾದ ಫ್ರೀಡ್‌ಮನ್ ಮತ್ತು ರೋಸೆನ್‌ಮನ್ ಶುರು ಮಾಡಿದ ಮಾತು ಇದು. ಅವರ ಕ್ಲಿನಿಕ್ಕಿನ ಕುರ್ಚಿಗಳ ಮುಂದಿನ ಅಂಚು ಮಾತ್ರ ಸವೆದಿದೆ ಎಂದು ಕುಶನ್ ಹೊಲಿಯುವವನು ಹೇಳಿದ್ದ ಎಂಬ ಕಥೆ ಇದೆ; ರೋಗಿಗಳು ಅವಸರದಲ್ಲಿ ತುದಿಯಲ್ಲೇ ಕೂರುತ್ತಿದ್ದರಂತೆ. ಕಥೆ ಚೆನ್ನಾಗಿದೆ. ಆದರೆ ಆಮೇಲಿನ ಎಷ್ಟೋ ಅಧ್ಯಯನಗಳು ಇದನ್ನು ಒಪ್ಪಲಿಲ್ಲ. ಒಳಗೇ ಕುದಿಯುವ ಹಗೆತನಕ್ಕೆ ಮಾತ್ರ ಒಂದಿಷ್ಟು ನಂಟು ಉಳಿದಿದೆ, ಅದೂ ತೆಳ್ಳಗೆ. ಈ ‘ಟೈಪ್ ಎ’ ಸಂಶೋಧನೆಗೆ ಸಿಗರೇಟು ಉದ್ಯಮದ ದುಡ್ಡು ಹರಿದಿತ್ತು ಎಂಬುದು ಆಮೇಲೆ ಹೊರಬಿತ್ತು. ಹೃದಯ ಕೆಟ್ಟರೆ ಸ್ವಭಾವವನ್ನು ದೂರಿದರೆ ಸಾಕಲ್ಲ, ಅವರಿಗೆ ಅನುಕೂಲ.

ಅಂದ ಹಾಗೆ, ನಿಮ್ಮವರು ಸಿಗರೇಟು ಸೇದುತ್ತಾರಾ, ಬಿಪಿ ಎಷ್ಟಿದೆ ಎಂದು ನೀವು ಬರೆದೇ ಇಲ್ಲ. ನನಗೆ ಮೊದಲು ಬೇಕಾದದ್ದು ಅದು.